ಸೂಕ್ಷ್ಮಗುರುತ್ವದಲ್ಲಿ ಧೂಳು ತಾನಾಗಿ ಸ್ಫಟಿಕವಾಗುತ್ತದಂತೆ, ಜೋಡಿಸುವವರು ಯಾರು?

ಕುತೂಹಲಿ

ಸೂಕ್ಷ್ಮಗುರುತ್ವದಲ್ಲಿ, ಅಂದರೆ ತೂಕವೇ ಗೊತ್ತಾಗದ ಸ್ಥಿತಿಯಲ್ಲಿ, ಬಾಹ್ಯಾಕಾಶ ನಿಲ್ದಾಣದಲ್ಲಿ ಮಾಡಿದ ಒಂದು ಪ್ರಯೋಗದ ವಿಡಿಯೊ ನೋಡಿದೆ. ಕಪ್ಪು ಹಿನ್ನೆಲೆಯಲ್ಲಿ ಸಾವಿರಾರು ಹೊಳೆಯುವ ಚುಕ್ಕಿಗಳು. ಚುಕ್ಕಿಯಿಂದ ಚುಕ್ಕಿಗೆ ಅಳೆದಿಟ್ಟ ಹಾಗೆ ಸಮ ಅಂತರ. ನಟ್ಟನಡುವೆ ಮಾತ್ರ ಒಂದೇ ಒಂದು ಚುಕ್ಕಿಯೂ ಇಲ್ಲದ ಖಾಲಿ ಜಾಗ. ಕೆಳಗೆ "ಧೂಳು ಪ್ಲಾಸ್ಮಾ" ಅಂತ ಬರೆದಿದ್ದರು, ಅಷ್ಟೇ.

ಪ್ಲಾಸ್ಮಾ ಅಂದರೆ ಅನಿಲಕ್ಕಿಂತಲೂ ಹೆಚ್ಚು ಗೊಂದಲದ ಸ್ಥಿತಿ ಅಂತ ಶಾಲೆಯಲ್ಲಿ ಓದಿದ ನೆನಪು. ಅದರೊಳಗೆ ಧೂಳು ಸುರಿದರೆ ಗೊಂದಲ ಇನ್ನಷ್ಟು ಹೆಚ್ಚಬೇಕಲ್ಲವೇ? ಸ್ಫಟಿಕದ ಶಿಸ್ತು ಎಲ್ಲಿಂದ ಬಂತು? ಅದನ್ನು ನೋಡಲು ಅಷ್ಟು ಮೇಲಕ್ಕೆ ಹೋಗಬೇಕಾದ ಅಗತ್ಯ ಏನು? ಗೊತ್ತಿದ್ದವರು ಬಿಡಿಸಿ ಹೇಳಿ.

ಅಯಾನಿಕ

ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದದ ಉತ್ತರ ಬೇಕಾಗುತ್ತದೆ.

ಪಾತ್ರಧಾರಿಗಳು ನಾಲ್ಕು. ಕಡಿಮೆ ಒತ್ತಡದ ಆರ್ಗಾನ್ ಅಥವಾ ನಿಯಾನ್ ಅನಿಲ, ಒತ್ತಡ ಸಾಮಾನ್ಯವಾಗಿ 10ರಿಂದ 100 ಪ್ಯಾಸ್ಕಲ್ ಆಸುಪಾಸು. ಆ ಅನಿಲದ ಒಂದು ಸಣ್ಣ ಪಾಲು ಒಡೆದು ಹುಟ್ಟಿದ ಅಯಾನುಗಳು ಮತ್ತು ಎಲೆಕ್ಟ್ರಾನುಗಳು. ಕೊನೆಯದಾಗಿ, ಬೇಕೆಂದೇ ಉದುರಿಸಿದ ಪ್ಲಾಸ್ಟಿಕ್ ಗೋಲಿಗಳು. ಇವು ಮೆಲಮೈನ್ ಫಾರ್ಮಾಲ್ಡಿಹೈಡ್‌ನವು, ವ್ಯಾಸ ಕೆಲವು ಮೈಕ್ರೊಮೀಟರ್, ಎಲ್ಲವೂ ಬಹುತೇಕ ಒಂದೇ ಅಳತೆ. ಧೂಳು ಅಂತ ಕರೆದರೂ ಇದು ಕಸವಲ್ಲ.

ಎಲೆಕ್ಟ್ರಾನು ಹಗುರ, ಹಾಗಾಗಿ ಅಯಾನಿಗಿಂತ ಬಹಳ ವೇಗ. ಗೋಲಿ ಪ್ಲಾಸ್ಮಾದೊಳಗೆ ಬಿದ್ದ ಕೂಡಲೇ ಎಲೆಕ್ಟ್ರಾನುಗಳೇ ಮೊದಲು ಹೋಗಿ ಅಂಟಿಕೊಳ್ಳುತ್ತವೆ. ಗೋಲಿ ಋಣಾವೇಶಕ್ಕೆ ತಿರುಗುತ್ತದೆ. ಆಮೇಲೆ ಬರುವ ಎಲೆಕ್ಟ್ರಾನುಗಳನ್ನು ಅದು ಹಿಂದಕ್ಕೆ ತಳ್ಳುತ್ತದೆ, ಧನ ಅಯಾನುಗಳನ್ನು ಸೆಳೆಯುತ್ತದೆ. ಎರಡರ ಹರಿವೂ ಸರಿಸಮವಾಗುವ ಹೊತ್ತಿಗೆ ಗೋಲಿಯ ಮೈಮೇಲೆ ಸಾವಿರದಿಂದ ಹತ್ತು ಸಾವಿರದವರೆಗೆ ಹೆಚ್ಚುವರಿ ಎಲೆಕ್ಟ್ರಾನುಗಳು ಕೂತಿರುತ್ತವೆ.

ಈಗ ಇಂಥ ಎರಡು ಗೋಲಿ ಎದುರುಬದುರಾದರೆ ಒಂದನ್ನೊಂದು ದೂಡುತ್ತವೆ. ಸುತ್ತಲಿನ ಪ್ಲಾಸ್ಮಾ ಈ ವಿಕರ್ಷಣೆಯ ಮೇಲೆ ಪರದೆ ಎಳೆದು ದೂರದಲ್ಲಿ ಅದನ್ನು ಬೇಗ ಕುಗ್ಗಿಸುತ್ತದೆ. ಆದರೂ ಆವೇಶ ಅಷ್ಟು ದೊಡ್ಡದಾದ್ದರಿಂದ ಅಕ್ಕಪಕ್ಕದ ಗೋಲಿಗಳಿಗೆ ಅದು ಚೆನ್ನಾಗಿಯೇ ತಟ್ಟುತ್ತದೆ. ಪ್ರತಿಯೊಂದೂ ಎಲ್ಲ ನೆರೆಯವುಗಳಿಂದ ಆದಷ್ಟು ದೂರ ಇರಲು ನೋಡುತ್ತದೆ. ಸೀಮಿತ ಜಾಗದಲ್ಲಿ ಎಲ್ಲವೂ ಎಲ್ಲದರಿಂದ ದೂರ ಇರಬೇಕಾದರೆ ಉಳಿಯುವ ದಾರಿ ಕ್ರಮಬದ್ಧ ಜಾಲಕ, ಅಂದರೆ ಸಮ ಅಂತರದ ಬಲೆಯಂಥ ಜೋಡಣೆ. ಜೋಡಿಸುವವರು ಯಾರೂ ಇಲ್ಲ, ದೂಡುವವರೇ ಎಲ್ಲರೂ.

ಸಂಶಯಾತ್ಮ

ಕೇಳಲು ಚೆನ್ನಾಗಿದೆ, ಆದರೆ ಎರಡು ಕಡೆ ತಡೆಯುತ್ತದೆ. ಎಲ್ಲವೂ ದೂಡುವುದಾದರೆ ಗೋಲಿಗಳು ಗೋಡೆಗೆ ಹೋಗಿ ಬಡಿಯಬೇಕು, ನಡುವೆ ನಿಂತು ಜಾಲಕ ಕಟ್ಟಬಾರದು. ಇನ್ನೊಂದು, ಅವ್ಯವಸ್ಥೆಯಿಂದ ವ್ಯವಸ್ಥೆ ತಾನಾಗಿ ಹುಟ್ಟಿತು ಅನ್ನುವಾಗ ಅವ್ಯವಸ್ಥೆ ತಾನಾಗಿ ಕಡಿಮೆಯಾಗದು ಅನ್ನುವ ಉಷ್ಣಗತಿಶಾಸ್ತ್ರದ ಎರಡನೇ ನಿಯಮ ಎಲ್ಲಿಗೆ ಹೋಯಿತು?

ಅಯಾನಿಕ

ಗೋಡೆಯ ಮಾತು ಮೊದಲು. ಪ್ಲಾಸ್ಮಾದ ಒಡಲು ಗೋಡೆಗಿಂತ ಧನ ವಿಭವದಲ್ಲಿರುತ್ತದೆ (ವೋಲ್ಟೇಜ್ ಹೆಚ್ಚು). ಕಾರಣ ಅದೇ: ವೇಗದ ಎಲೆಕ್ಟ್ರಾನುಗಳು ಮೊದಲು ಓಡಿಹೋಗಿ ಗೋಡೆ ಸೇರಿರುತ್ತವೆ. ಆದ್ದರಿಂದ ಋಣಾವೇಶದ ಗೋಲಿ ಯಾವ ಗೋಡೆಯ ಹತ್ತಿರ ಬಂದರೂ ವಿದ್ಯುತ್ ಕ್ಷೇತ್ರ ಅದನ್ನು ಒಳಕ್ಕೆ ತಳ್ಳುತ್ತದೆ. ಒಳಗಿನಿಂದ ಗೋಲಿಗಳ ಪರಸ್ಪರ ವಿಕರ್ಷಣೆ, ಹೊರಗಿನಿಂದ ಈ ಕಾಣದ ಬೇಲಿ. ಇವೆರಡೂ ಬೇಕು. ಬೇಲಿ ಇಲ್ಲದಿದ್ದರೆ ನೀವು ಹೇಳಿದ್ದೇ ಆಗುತ್ತಿತ್ತು.

ಎರಡನೇ ನಿಯಮಕ್ಕೆ ಏನೂ ಆಗಿಲ್ಲ. ಇದು ಮುಚ್ಚಿದ ಪೆಟ್ಟಿಗೆಯಲ್ಲ. ರೇಡಿಯೊ ಆವರ್ತನದ ವಿದ್ಯುತ್ತು (ಸಾಮಾನ್ಯವಾಗಿ 13.56 ಮೆಗಾಹರ್ಟ್ಸ್) ಬಿಡದೆ ಶಕ್ತಿ ತುಂಬುತ್ತಿರುತ್ತದೆ. ಅಯಾನು, ಎಲೆಕ್ಟ್ರಾನುಗಳು ಗೋಲಿಯ ಮೇಲೆ ಬಿದ್ದು ಸತತವಾಗಿ ಮುಗಿದುಹೋಗುತ್ತಿರುತ್ತವೆ, ಹೊಸವು ಹುಟ್ಟುತ್ತಿರುತ್ತವೆ. ಗೋಲಿಯ ಚಲನೆಯ ಶಕ್ತಿಯನ್ನು ತಟಸ್ಥ ಅನಿಲದ ಪರಮಾಣುಗಳು ಡಿಕ್ಕಿ ಹೊಡೆದು ಹೊಡೆದು ಹೀರಿ, ಕೊನೆಗೆ ಗೋಡೆಗೆ ಶಾಖವಾಗಿ ದಾಟಿಸುತ್ತವೆ. ಎಲೆಕ್ಟ್ರಾನುಗಳು ಹತ್ತಾರು ಸಾವಿರ ಡಿಗ್ರಿಯಲ್ಲಿದ್ದರೂ ಗೋಲಿಗಳು ಹೆಚ್ಚುಕಡಿಮೆ ಕೋಣೆಯ ಉಷ್ಣತೆಗೆ ತಣಿಯುವುದು ಹೀಗೆ. ಪ್ಲಾಸ್ಮಾ ಅಂದ ಕೂಡಲೇ ಎಲ್ಲವೂ ಬಿಸಿ ಅನ್ನುವ ಚಿತ್ರವನ್ನು ಮೊದಲು ಬಿಡಬೇಕು.

ಲೆಕ್ಕದಮೇಷ್ಟ್ರು

ಅಂಕಿ ಇಲ್ಲದೆ ಇಂಥ ಚರ್ಚೆ ಮುಂದೆ ಹೋಗಬಾರದು, ನಾನೇ ಹಾಕುತ್ತೇನೆ.

ಗೋಲಿಯ ವ್ಯಾಸ 6.8 ಮೈಕ್ರೊಮೀಟರ್, ಸಾಂದ್ರತೆ ನೀರಿನ ಒಂದೂವರೆ ಪಟ್ಟು ಅನ್ನಿ. ದ್ರವ್ಯರಾಶಿ ಸುಮಾರು 2.5 × 10⁻¹³ ಕಿಲೋಗ್ರಾಂ. ಭೂಮಿಯ ಮೇಲೆ ತೂಕ ಸುಮಾರು 2.4 ಪೈಕೊನ್ಯೂಟನ್ (ಒಂದು ಪೈಕೊನ್ಯೂಟನ್ ಅಂದರೆ ನ್ಯೂಟನ್ನಿನ ಲಕ್ಷ ಕೋಟಿಯಲ್ಲಿ ಒಂದು ಪಾಲು).

ಒಂದೊಂದು ಗೋಲಿಯ ಮೇಲೂ ಹತ್ತು ಸಾವಿರ ಎಲೆಕ್ಟ್ರಾನು, ನಡುವಿನ ಅಂತರ 200 ಮೈಕ್ರೊಮೀಟರ್, ಪರದೆಯ ಉದ್ದ (ವಿಕರ್ಷಣೆ ಎಷ್ಟು ದೂರದಲ್ಲಿ ಕುಗ್ಗುತ್ತದೆ ಅನ್ನುವ ಅಳತೆ, ಡೆಬೈ ಉದ್ದ) 100 ಮೈಕ್ರೊಮೀಟರ್ ಇರಲಿ. ಪರದೆಯ ಪರಿಣಾಮ ಸೇರಿಸಿದರೆ ಎರಡು ಗೋಲಿಗಳ ನಡುವಿನ ವಿಕರ್ಷಣೆ 0.23 ಪೈಕೊನ್ಯೂಟನ್ ಆಸುಪಾಸು. ಅಂದರೆ ಗೋಲಿಯ ತೂಕದ ಹತ್ತನೇ ಒಂದು ಭಾಗ. ನೆಲದ ಮೇಲೆ ಏಕೆ ಕಷ್ಟ ಅನ್ನುವುದಕ್ಕೆ ಇದೊಂದೇ ಅನುಪಾತ ಸಾಕು.

ಇನ್ನೊಂದು ಲೆಕ್ಕ. ಅದೇ ಜೋಡಿಯ ಸ್ಥಿತಿಶಕ್ತಿಯನ್ನು ಕೋಣೆಯ ಉಷ್ಣತೆಯ ಉಷ್ಣಶಕ್ತಿಯಿಂದ ಭಾಗಿಸಿ. ಪರದೆ ಕಳೆದ ಮೇಲೂ ಸಂಖ್ಯೆ ಸಾವಿರಗಳಲ್ಲಿ ಬರುತ್ತದೆ. ಪರದೆಯೇ ಇಲ್ಲದ ಆದರ್ಶ ಮಾದರಿಯಲ್ಲಿ ಈ ಅನುಪಾತ 170ರ ಸುತ್ತಮುತ್ತ ಬಂದಾಗಲೇ ಹೆಪ್ಪುಗಟ್ಟುತ್ತದೆ. ಸಾಮಾನ್ಯ ಪ್ಲಾಸ್ಮಾದಲ್ಲಿ ಇದೇ ಅನುಪಾತ ಒಂದಕ್ಕಿಂತ ಬಹಳ ಕಡಿಮೆ. 1986ರಲ್ಲಿ ಇಕೇಜಿ ಎಂಬ ವಿಜ್ಞಾನಿ ಇಂಥದೇ ತರ್ಕ ಹಿಡಿದು, ಧೂಳು ಪ್ಲಾಸ್ಮಾ ಸ್ಫಟಿಕವಾಗಲೇಬೇಕು ಅಂತ ಮೊದಲೇ ಹೇಳಿದ್ದರು. 1994ರಲ್ಲಿ ಜರ್ಮನಿ, ತೈವಾನ್, ಜಪಾನಿನ ಮೂರು ಗುಂಪುಗಳು ಬೇರೆಬೇರೆಯಾಗಿ ಅದನ್ನು ಕಣ್ಣಾರೆ ಕಂಡವು.

ಕುತೂಹಲಿ

ಮೇಷ್ಟ್ರೇ, ಹಾಗಾದರೆ 1994ರಲ್ಲಿ ನೆಲದ ಮೇಲೆಯೇ ಸ್ಫಟಿಕ ಸಿಕ್ಕಿತ್ತಲ್ಲ? ಮತ್ತೆ ನಿಲ್ದಾಣಕ್ಕೆ ಹೊತ್ತುಕೊಂಡು ಹೋಗಿದ್ದು ಯಾಕೆ?

ಅಯಾನಿಕ

ನೆಲದ ಮೇಲೆ ಸಿಕ್ಕಿದ್ದು ಚಪ್ಪಟೆ ಸ್ಫಟಿಕ. ಒಂದು ಪದರ, ಕೆಲವು ಪದರ.

ಗೋಲಿ ಬೀಳದೆ ತೇಲಬೇಕಾದರೆ ಮೇಷ್ಟ್ರು ಕೊಟ್ಟ ತೂಕವನ್ನು ವಿದ್ಯುತ್ ಕ್ಷೇತ್ರ ಹೊರಬೇಕು. ಅದಕ್ಕೆ ಸೆಂಟಿಮೀಟರಿಗೆ ಸುಮಾರು 15 ವೋಲ್ಟ್ ಬೇಕಾಗುತ್ತದೆ. ಪ್ಲಾಸ್ಮಾದ ಒಡಲಿನಲ್ಲಿ ಅಷ್ಟು ಕ್ಷೇತ್ರ ಇರುವುದಿಲ್ಲ. ಕೆಳಗಿನ ಎಲೆಕ್ಟ್ರೋಡಿಗೆ ತಾಗಿಕೊಂಡಿರುವ ತೆಳು ಅಂಚಿನಲ್ಲಿ ಮಾತ್ರ ಇರುತ್ತದೆ. ಹಾಗಾಗಿ ಗೋಲಿಗಳೆಲ್ಲ ಆ ಅಂಚಿಗೆ ಇಳಿದು ಅಲ್ಲೇ ಸಾಲುಗಟ್ಟುತ್ತವೆ. ಪದರ ಹೆಚ್ಚಿದರೆ ಮೇಲಿನವುಗಳ ಭಾರಕ್ಕೆ ಕೆಳಗಿನವು ಒತ್ತಿಕೊಳ್ಳುತ್ತವೆ.

ಆ ಅಂಚು ಇನ್ನೊಂದು ಕಾರಣಕ್ಕೂ ಕೆಟ್ಟ ಜಾಗ. ಅಲ್ಲಿ ಅಯಾನುಗಳು ಭರದಿಂದ ಎಲೆಕ್ಟ್ರೋಡಿನ ಕಡೆಗೆ ಹರಿಯುತ್ತಿರುತ್ತವೆ. ಪ್ರತಿ ಗೋಲಿಯೂ ಆ ಹರಿವನ್ನು ತನ್ನತ್ತ ಬಾಗಿಸುವುದರಿಂದ ಗೋಲಿಯ ಕೆಳಗಡೆ ಅಯಾನುಗಳು ಒತ್ತೊತ್ತಾಗಿ ಸೇರಿ ಧನಾವೇಶದ ಒಂದು ಜಾಡು ಮೂಡುತ್ತದೆ. ಕೆಳಗಿನ ಗೋಲಿಯನ್ನು ಈ ಜಾಡು ಸೆಳೆಯುತ್ತದೆ. ಆದ್ದರಿಂದಲೇ ನೆಲದ ಪ್ರಯೋಗಗಳಲ್ಲಿ ಗೋಲಿಗಳು ಒಂದರ ಕೆಳಗೊಂದು ನೇರ ಕಂಬಗಳ ಹಾಗೆ ನಿಲ್ಲುತ್ತವೆ. ಮೂರೂ ದಿಕ್ಕಿನಲ್ಲಿ ಸ್ವತಂತ್ರವಾಗಿ ಬೆಳೆಯುವ ಸ್ಫಟಿಕ ಹಾಗೆ ನಿಲ್ಲುವುದಿಲ್ಲ.

ಸಂಶಯಾತ್ಮ

ಮೇಲಿನದು ಕೆಳಗಿನದನ್ನು ಸೆಳೆಯುತ್ತದೆ, ಸರಿ. ಕೆಳಗಿನದು ಮೇಲಿನದನ್ನು ಅಷ್ಟೇ ಸೆಳೆಯುತ್ತದೆಯೇ?

ಲೆಕ್ಕದಮೇಷ್ಟ್ರು

ಇಲ್ಲ. ಜಾಡು ಹರಿವಿನ ಕೆಳದಿಕ್ಕಿಗೆ ಮಾತ್ರ. ನ್ಯೂಟನ್ನನ ಮೂರನೇ ನಿಯಮ ಮುರಿಯಿತು ಅಂತ ಕುಣಿಯುವ ಮೊದಲು ಲೆಕ್ಕಕ್ಕೆ ಅಯಾನುಗಳನ್ನೂ ಸೇರಿಸಿಕೊಳ್ಳಿ. ಉಳಿದ ಸಂವೇಗವನ್ನು ಅವು ಹೊತ್ತೊಯ್ಯುತ್ತವೆ. ಗೋಲಿಗಳನ್ನಷ್ಟೇ ನೋಡುವವನಿಗೆ ಮಾತ್ರ ಕ್ರಿಯೆ-ಪ್ರತಿಕ್ರಿಯೆ ಸಮ ಇಲ್ಲದಂತೆ ಕಾಣುತ್ತದೆ. ಈ ಅಸಮತೆಯಿಂದ ಅಯಾನು ಹರಿವಿನ ಶಕ್ತಿ ಗೋಲಿಗಳ ಕಂಪನಕ್ಕೆ ಸೋರುತ್ತದೆ. ಅನಿಲದ ಒತ್ತಡ ಇಳಿಸಿ ಘರ್ಷಣೆ ಕಡಿಮೆ ಮಾಡಿದರೆ ಕಂಪನ ಬೆಳೆದು ಬೆಳೆದು ನೆಲದ ಸ್ಫಟಿಕ ಕರಗಿಹೋಗುತ್ತದೆ.

ರಾತ್ರಿಪಾಳಿ

ಇತಿಹಾಸದ ಭಾಗ ನನಗಿರಲಿ, ಅದು ನನ್ನ ಹುಚ್ಚು.

ವಿಮಾನವನ್ನು ಪ್ಯಾರಾಬೋಲಾ ಹಾದಿಯಲ್ಲಿ ಹಾರಿಸಿದರೆ ಸುಮಾರು 20 ಸೆಕೆಂಡು ತೂಕವಿಲ್ಲದ ಸ್ಥಿತಿ ಸಿಗುತ್ತದೆ. ಟೆಕ್ಸಸ್ ಥರದ ಸಂಶೋಧನಾ ರಾಕೆಟ್ಟಿನಲ್ಲಿ ಆರು ನಿಮಿಷ. ಗೋಲಿಗಳನ್ನು ಉದುರಿಸಿ, ಅವು ನೆಲೆಯಾಗಿ, ತಣಿದು, ಸ್ಫಟಿಕ ಬೆಳೆಯುವುದಕ್ಕೆ ಇದು ಸಾಲದು. ರಷ್ಯನ್ನರು ಮೀರ್ ನಿಲ್ದಾಣದಲ್ಲೂ ಮೊದಲ ಪ್ರಯೋಗಗಳನ್ನು ಮಾಡಿದ್ದರು.

2001ರ ಮಾರ್ಚಿನಲ್ಲಿ ಜರ್ಮನ್–ರಷ್ಯನ್ ಜಂಟಿ ಉಪಕರಣ ಪಿಕೆಇ-ನೆಫೆದೊವ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಕೆಲಸ ಶುರು ಮಾಡಿತು. ನಿಲ್ದಾಣದ ಮೊಟ್ಟಮೊದಲ ತಂಡದಲ್ಲಿದ್ದ ಕ್ರಿಕಲ್ಯೋವ್ ಮತ್ತು ಗಿದ್ಜೆಂಕೊ ಅದನ್ನು ನಡೆಸಿದರು. ಯೋಜನೆಯ ರಷ್ಯನ್ ಮುಂದಾಳು ಅನಾತೊಲಿ ನೆಫೆದೊವ್ ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ತೀರಿಕೊಂಡಿದ್ದರು, ಹೆಸರು ಅವರ ನೆನಪಿಗೆ. ಅದು 2005ರವರೆಗೆ ನಡೆಯಿತು. 2006ರಿಂದ 2013ರವರೆಗೆ ಪಿಕೆ-3 ಪ್ಲಸ್. 2014ರಲ್ಲಿ ಮೇಲಕ್ಕೆ ಹೋದದ್ದು ಪಿಕೆ-4, ಅದು ಐರೋಪ್ಯ ಕೊಲಂಬಸ್ ಘಟಕದಲ್ಲಿ ಕೂತಿತು. ಇದರ ಆಕಾರವೇ ಬೇರೆ, 3 ಸೆಂಟಿಮೀಟರ್ ವ್ಯಾಸದ ಉದ್ದನೆಯ ಗಾಜಿನ ಕೊಳವೆ.

ಒಂದು ಮಾತು: ಅಲ್ಲಿ ಗುರುತ್ವವೇ ಇಲ್ಲ ಅಂತ ಯಾರೂ ಬರೆಯಬೇಡಿ. 400 ಕಿಲೋಮೀಟರ್ ಎತ್ತರದಲ್ಲಿ ನೆಲದ ಮೇಲಿನದರ ಶೇಕಡಾ 90ರಷ್ಟು ಗುರುತ್ವ ಇದ್ದೇ ಇದೆ. ನಿಲ್ದಾಣ, ಉಪಕರಣ, ಗೋಲಿ ಎಲ್ಲವೂ ಒಟ್ಟಿಗೆ ಬೀಳುತ್ತಿರುವುದರಿಂದ ತೂಕ ಗೊತ್ತಾಗುವುದಿಲ್ಲ, ಅಷ್ಟೇ.

ಕುತೂಹಲಿ

ಎಲ್ಲ ಸರಿ. ಆ ನಡುವಿನ ಖಾಲಿ ಜಾಗದ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ! ಭಾರ ಇಲ್ಲ ಅಂದಮೇಲೆ ಕೋಣೆಯ ಪೂರ್ತಿ ಸಮನಾಗಿ ತುಂಬಿಕೊಳ್ಳಬೇಕಿತ್ತು.

ಅಯಾನಿಕ

ಎಲ್ಲರೂ ಹಾಗೇ ಅಂದುಕೊಂಡಿದ್ದರು. ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು.

ಪ್ಲಾಸ್ಮಾ ಹೆಚ್ಚಾಗಿ ಹುಟ್ಟುವುದು ಕೋಣೆಯ ನಡುಭಾಗದಲ್ಲಿ. ಅಲ್ಲಿಂದ ಅಯಾನುಗಳು ಹೊರಕ್ಕೆ, ಗೋಡೆಗಳ ಕಡೆಗೆ ಹರಿಯುತ್ತವೆ. ಹರಿಯುವಾಗ ಗೋಲಿಗಳ ಮೇಲೆ ಬಿದ್ದೋ, ಪಕ್ಕದಲ್ಲಿ ಬಾಗಿ ಹೋಗಿಯೋ ತಮ್ಮ ಸಂವೇಗದ ಒಂದಿಷ್ಟನ್ನು ಅವುಗಳಿಗೆ ಕೊಡುತ್ತವೆ. ಇದು ಅಯಾನು ಎಳೆತ. ದಿಕ್ಕು ಹೊರಕ್ಕೆ. ಅದೇ ಜಾಗದ ವಿದ್ಯುತ್ ಕ್ಷೇತ್ರ ಋಣಾವೇಶದ ಗೋಲಿಯನ್ನು ಒಳಕ್ಕೆ ಎಳೆಯುತ್ತದೆ. ನಟ್ಟನಡುವಿನ ಸುತ್ತ ಕ್ಷೇತ್ರ ದುರ್ಬಲ, ಹಾಗಾಗಿ ಎಳೆತ ಗೆಲ್ಲುತ್ತದೆ. ಹೊರಗೆ ಹೋದಷ್ಟೂ ಕ್ಷೇತ್ರ ಬಲವಾಗಿ ಕೊನೆಗೆ ಅದೇ ಗೆಲ್ಲುತ್ತದೆ. ಎರಡೂ ಸಮವಾಗುವ ಗಡಿಯೇ ನೀವು ಕಂಡ ಖಾಲಿ ಜಾಗದ ಅಂಚು. ಅದು ಮಸುಕಾಗಿರುವುದಿಲ್ಲ, ಗೆರೆ ಎಳೆದ ಹಾಗೆ ಚೂಪಾಗಿರುತ್ತದೆ.

ನೆಲದ ಮೇಲೆ ಈ ಎರಡು ಬಲಗಳ ಜಗಳವನ್ನು ತೂಕ ಮುಚ್ಚಿಹಾಕುತ್ತದೆ. ತೂಕ ತೆಗೆದ ಮೇಲೆಯೇ ಸಣ್ಣ ಬಲಗಳು ಯಜಮಾನಿಕೆಗೆ ಬರುವುದು. ಕೆಲವು ಸ್ಥಿತಿಗಳಲ್ಲಿ ಖಾಲಿ ಜಾಗ ಒಂದೇ ಲಯದಲ್ಲಿ ಕುಗ್ಗಿ ಹಿಗ್ಗುತ್ತದೆ. ಅದಕ್ಕೆ ಸಂಶೋಧಕರೇ "ಹೃದಯಬಡಿತ" ಅಂತ ಹೆಸರಿಟ್ಟಿದ್ದಾರೆ.

ಹಾಗಾಗಿ, ಸೂಕ್ಷ್ಮಗುರುತ್ವದಲ್ಲಿ ಪರಿಪೂರ್ಣ ಸ್ಫಟಿಕ ಸಿಗುತ್ತದೆ ಅನ್ನುವ ಪ್ರಚಾರದ ಮಾತನ್ನು ನಾನು ಒಪ್ಪುವುದಿಲ್ಲ. ನಡುವೆ ತೂತು, ಅಂಚುಗಳಲ್ಲಿ ಸುಳಿ, ಉಳಿದ ಜಾಗದಲ್ಲಿ ಸ್ಫಟಿಕ. ಆ ಸ್ಫಟಿಕವೂ ಒಂದೇ ಜಾತಿಯದಲ್ಲ. ಮುಖಕೇಂದ್ರಿತ ಘನ ಜಾಲಕ, ಷಟ್ಕೋನ ನಿಬಿಡ ಜಾಲಕ, ಅಲ್ಲಲ್ಲಿ ಕಾಯಕೇಂದ್ರಿತ ಘನ ಜಾಲಕ, ಮೂರೂ ಒಂದೇ ಮೋಡದೊಳಗೆ ಕಂಡಿವೆ. ಇವುಗಳ ನಡುವಿನ ಶಕ್ತಿವ್ಯತ್ಯಾಸ ಬಹಳ ಕಡಿಮೆ, ಬೆಳೆಯುವಾಗ ಯಾವುದಕ್ಕೆ ಅನುಕೂಲವೋ ಅದೇ ಉಳಿದುಬಿಡುತ್ತದೆ.

ಧೂಮಕೇತು

ನೀವೆಲ್ಲ ಮುಖ್ಯ ಸುದ್ದಿ ಬಿಟ್ಟಿದ್ದೀರಿ. ಈ ಧೂಳು ಡಿಎನ್‌ಎ ಥರ ಸುರುಳಿಯಾಗಿ ಸುತ್ತಿಕೊಂಡು, ಎರಡಾಗಿ ಒಡೆದು, ತನ್ನ ನಕಲು ಮಾಡಿಕೊಳ್ಳುತ್ತದಂತೆ. ಬಾಹ್ಯಾಕಾಶದಲ್ಲಿ ಧೂಳಿನ ಜೀವಿಗಳು ಇರಬಹುದು ಅಂತ ವಿಜ್ಞಾನಿಗಳೇ ಹೇಳಿದ್ದಾರೆ.

ಸಂಶಯಾತ್ಮ

ಬಂತು ನೋಡಿ! ನಾನು ಕಾಯುತ್ತಿದ್ದೆ.

2007ರಲ್ಲಿ ತ್ಸಿಟೊವಿಚ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನದ ಕಥೆ ಇದು. ಅದರಲ್ಲಿದ್ದ ಸುರುಳಿಗಳು ಕಂಪ್ಯೂಟರ್ ಲೆಕ್ಕಾಚಾರದಲ್ಲಿ ಮೂಡಿದವು. ಬಾಹ್ಯಾಕಾಶದಲ್ಲಿ ಯಾರೂ ಅವುಗಳನ್ನು ಕಂಡಿಲ್ಲ. ನಕಲು ಮಾಡಿಕೊಳ್ಳುವುದು ಅನ್ನುವುದೆಲ್ಲ ಸಾಧ್ಯತೆಯ ಚರ್ಚೆ. ಪತ್ರಿಕೆಗಳು "ಆಗಬಹುದು" ಅನ್ನುವುದನ್ನು "ಆಗಿದೆ" ಅಂತ ಮಾಡಿಕೊಂಡವು. ಮಂಜಿನ ಹರಳಿಗೂ ಆಕಾರ ಇದೆ, ಬೆಳವಣಿಗೆ ಇದೆ. ಅದಕ್ಕೆ ಜೀವ ಇದೆ ಅನ್ನುತ್ತೀರಾ?

ಧೂಮಕೇತು

ಜೀವ ಅಂತ ನಾನು ಪ್ರಮಾಣ ಮಾಡಿಲ್ಲ ಸ್ವಾಮಿ. ಸುರುಳಿ ಆಗುವ ಸಾಧ್ಯತೆ ಇದೆಯೋ ಇಲ್ಲವೋ?

ಅಯಾನಿಕ

ಇಬ್ಬರಿಗೂ ಸೇರಿಸಿ ಹೇಳುತ್ತೇನೆ. ಉದ್ದನೆಯ ಕೊಳವೆಯಂಥ ಬೇಲಿಯೊಳಗೆ ಪರಸ್ಪರ ದೂಡುವ ಕಣಗಳನ್ನು ತುಂಬಿದರೆ ಸುರುಳಿ ಬರುವುದು ಸಹಜ. ಮೊದಲು ಒಂದೇ ಸಾಲು, ಒತ್ತಿದರೆ ಅಂಕುಡೊಂಕು, ಇನ್ನೂ ಒತ್ತಿದರೆ ಸುರುಳಿ. ಇದು ಜ್ಯಾಮಿತಿ. ಜೀವಕ್ಕೆ ಬೇಕಾದದ್ದು ಅದಕ್ಕಿಂತ ಬಹಳ ಹೆಚ್ಚು.

ನಿಜವಾಗಿ ನಿಲ್ದಾಣದಲ್ಲಿ ಕಂಡಿರುವ ರಚನೆಗಳೇ ಸಾಕಷ್ಟು ಸ್ವಾರಸ್ಯವಾಗಿವೆ. ಪಿಕೆ-3 ಪ್ಲಸ್‌ನಲ್ಲಿ 100 ಹರ್ಟ್ಸ್‌ನ ಪರ್ಯಾಯ ವಿದ್ಯುತ್ ಕ್ಷೇತ್ರ ಕೊಟ್ಟು ನೋಡಿದರು. ಅಷ್ಟು ವೇಗದ ಅದಲುಬದಲಿಗೆ ಭಾರದ ಗೋಲಿಗಳು ಸ್ಪಂದಿಸಲಾರವು, ಅಯಾನುಗಳು ಸ್ಪಂದಿಸುತ್ತವೆ. ಹಾಗಾಗಿ ನಾನು ಮೇಲೆ ಹೇಳಿದ ಜಾಡು ಒಂದೇ ಕಡೆಗೆ ಇರದೆ ಗೋಲಿಯ ಎರಡೂ ಬದಿಗೆ ಸಮನಾಗಿ ಹರಡುತ್ತದೆ. ಮೇಷ್ಟ್ರು ಹೇಳಿದ ಅಸಮತೆ ಅಲ್ಲಿಗೆ ಮಾಯ. ಕ್ಷೇತ್ರ ಹೆಚ್ಚಿಸುತ್ತ ಹೋದಾಗ ಚೆದುರಿದ್ದ ದ್ರವದಂಥ ಮೋಡ ಕ್ಷೇತ್ರದ ದಿಕ್ಕಿಗೆ ಸರಗಳಾಗಿ ಪೋಣಿಸಿಕೊಂಡಿತು. ಇಳಿಸಿದಾಗ ಸರ ಬಿಚ್ಚಿ ಮತ್ತೆ ಮೊದಲಿನ ಮೋಡ. 2008ರಲ್ಲಿ ಇದು ಪ್ರಕಟವಾಯಿತು. ಪಿಕೆ-4ರ ಕೊಳವೆಯಲ್ಲೂ ವಿದ್ಯುತ್ತಿನ ದಿಕ್ಕನ್ನು ಬೇಗಬೇಗ ಬದಲಿಸುತ್ತ ಇಂಥ ಸರಗಳನ್ನು ಪಡೆದಿದ್ದಾರೆ.

ಇನ್ನೊಂದು 2009ರದ್ದು. ದೊಡ್ಡ ಗೋಲಿಗಳ ಮೋಡದೊಳಕ್ಕೆ ಸಣ್ಣ ಗೋಲಿಗಳನ್ನು ಬಿಟ್ಟರು. ಸಣ್ಣವು ಮೋಡವನ್ನು ಭೇದಿಸಿ ಹೋಗುವಾಗ ತಾವಾಗಿ ಸಾಲು ಹಿಡಿದು ಹಾದಿಗಳನ್ನು ಮಾಡಿಕೊಂಡವು. ಕಿರಿದಾದ ಸೇತುವೆಯ ಮೇಲೆ ಎದುರುಬದುರು ಬರುವ ಜನ ಯಾರೂ ಹೇಳದೆ ಸಾಲುಸಾಲಾಗಿ ಬೇರ್ಪಡುತ್ತಾರಲ್ಲ, ಹಾಗೆ. ಅವು ದಾಟಿಹೋದ ಮೇಲೆ ದೊಡ್ಡ ಗೋಲಿಗಳಲ್ಲೂ ಸ್ವಲ್ಪ ಹೊತ್ತು ಆ ಸಾಲುಗಳ ಗುರುತು ಉಳಿದಿತ್ತು.

ಲೆಕ್ಕದಮೇಷ್ಟ್ರು

ಕರಗುವ ವಿಷಯ ಸೇರಿಸಿ. ನೆಲದ ಮೇಲೆ ಒತ್ತಡ ಇಳಿಸಿದರೆ ಸ್ಫಟಿಕ ಕರಗುತ್ತದೆ ಅಂದೆನಲ್ಲ, ಪಿಕೆ-3 ಪ್ಲಸ್‌ನ ಮೂರು ಆಯಾಮದ ದೊಡ್ಡ ಮೋಡಗಳಲ್ಲಿ ಅದು ತಿರುವುಮುರುವು. ಒತ್ತಡ ಇಳಿಸಿದರೆ ಹೆಪ್ಪುಗಟ್ಟಿತು, ಏರಿಸಿದರೆ ಕರಗಿತು. ಇಲ್ಲಿ ಬಲವಾದ ಅಯಾನು ಹರಿವಿನ ಕಾಟ ಇಲ್ಲ, ಆದ್ದರಿಂದ ಕರಗುವುದನ್ನು ನಿರ್ಧರಿಸುವುದು ಗೋಲಿಗಳ ಆವೇಶ, ಅಂತರ ಮತ್ತು ಪರದೆ. ಒತ್ತಡ ಏರಿದಾಗ ಅಯಾನುಗಳು ಪರಮಾಣುಗಳಿಗೆ ಡಿಕ್ಕಿ ಹೊಡೆದು ವೇಗ ಕಳೆದುಕೊಂಡು ಗೋಲಿಯ ಸೆಳೆತಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತವೆ, ಗೋಲಿಯ ಋಣಾವೇಶ ಇಳಿಯುತ್ತದೆ. ನೆಲದಲ್ಲಿ ಕಲಿತ ನಿಯಮವನ್ನು ಹಾಗೇ ಮೇಲಕ್ಕೆ ಒಯ್ಯಬಾರದು ಅನ್ನುವುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ.

ಮೌನಿ

ಬಹಳ ಹೊತ್ತಿನಿಂದ ಓದುತ್ತಿದ್ದೇನೆ. ಇದೆಲ್ಲ ತಿಳಿದು ಏನು ಪ್ರಯೋಜನ ಅಂತ ಕೇಳಿದರೆ ಬೈಯಬೇಡಿ.

ರಾತ್ರಿಪಾಳಿ

ಬೈಯುವುದೇಕೆ. 1980ರ ದಶಕದ ಕೊನೆಯಲ್ಲಿ ಚಿಪ್ ತಯಾರಿಸುವ ಪ್ಲಾಸ್ಮಾ ಯಂತ್ರಗಳೊಳಗೆ ಲೇಸರ್ ಬೆಳಕು ಹಾಯಿಸಿದಾಗ, ಸಿಲಿಕಾನ್ ಬಿಲ್ಲೆಯ ಮೇಲೆ ಧೂಳಿನ ಮೋಡಗಳು ತೇಲುತ್ತಿರುವುದು ಕಂಡಿತು. ಹೊರಗಿನ ಗಾಳಿಯಿಂದ ಬಂದಿದ್ದಲ್ಲ, ಪ್ಲಾಸ್ಮಾದೊಳಗೇ ಬೆಳೆದದ್ದು. ವಿದ್ಯುತ್ತು ಆರಿಸಿದ ಕೂಡಲೇ ಬಿಲ್ಲೆಯ ಮೇಲೆ ಉದುರಿ ಚಿಪ್ ಹಾಳು. ಈ ಕ್ಷೇತ್ರಕ್ಕೆ ದುಡ್ಡು, ಗಮನ ಎರಡೂ ಬಂದದ್ದು ಅದರಿಂದಲೂ ಹೌದು.

ಆಕಾಶದಲ್ಲಂತೂ ಧೂಳು, ಪ್ಲಾಸ್ಮಾ ಎರಡೂ ಎಲ್ಲೆಲ್ಲೂ ಇವೆ. ಶನಿಯ ಉಂಗುರಗಳ ಮೇಲೆ ವಾಯೇಜರ್ ನೌಕೆಗಳು ಚಕ್ರದ ಕಡ್ಡಿಗಳಂಥ ಕಪ್ಪು ಗೆರೆಗಳನ್ನು ಕಂಡಿದ್ದವು. ಆವೇಶ ಹೊತ್ತ ಸಣ್ಣ ಧೂಳು ಉಂಗುರದಿಂದ ಮೇಲೆದ್ದು ನಿಲ್ಲುವುದೇ ಅದಕ್ಕೆ ಕಾರಣ ಅನ್ನುವುದು ಹೆಚ್ಚಿನವರ ಅಭಿಪ್ರಾಯ.

ಅಯಾನಿಕ

ನನ್ನ ಮಟ್ಟಿಗೆ ದೊಡ್ಡ ಪ್ರಯೋಜನ ಬೇರೆ. ಲೋಹ ಕರಗುವಾಗ ಒಂದು ಪರಮಾಣು ಎಲ್ಲಿಂದ ಎಲ್ಲಿಗೆ ಜಾರಿತು ಅಂತ ನೇರವಾಗಿ ನೋಡುವುದು ಬಹಳ ಕಷ್ಟ. ಅಂತರ ತೀರ ಕಡಿಮೆ, ವೇಗ ತೀರ ಹೆಚ್ಚು. ಇಲ್ಲಿ "ಪರಮಾಣು"ಗಳ ನಡುವೆ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ ಅಂತರ. ಚಲನೆಯೂ ಸೆಕೆಂಡಿಗೆ ಹತ್ತಾರು ಸಲದ ಕಂಪನ ಅಷ್ಟೇ. ಸಾಧಾರಣ ವಿಡಿಯೊ ಕ್ಯಾಮೆರಾ ಸಾಕು. ಸುತ್ತಲಿನ ಅನಿಲ ವಿರಳವಾದ್ದರಿಂದ ಗೋಲಿಗಳ ಜಡತ್ವವೂ ಉಳಿದಿರುತ್ತದೆ. ನೀರಿನಲ್ಲಿ ತೇಲುವ ಕಲಿಲ ಕಣಗಳಲ್ಲಿ ಅದು ಸಿಗುವುದಿಲ್ಲ, ದ್ರವದ ಘರ್ಷಣೆ ಎಲ್ಲವನ್ನೂ ನುಂಗುತ್ತದೆ. ಆದ್ದರಿಂದ ಅಲೆ, ಆಘಾತ, ಸುಳಿ ಎಲ್ಲವನ್ನೂ ಕಣ ಕಣವಾಗಿ ಹಿಂಬಾಲಿಸಬಹುದು.

ಕುತೂಹಲಿ

ಕೊನೆಯದೊಂದು. ಕ್ಯಾಮೆರಾ ತೋರಿಸುವುದು ಚಪ್ಪಟೆ ಚಿತ್ರ. ಜಾಲಕ ಮೂರು ಆಯಾಮದ್ದು, ಅದರಲ್ಲೂ ಇಂಥದೇ ಜಾತಿ ಅಂತ ಹೇಗೆ ಹೇಳುತ್ತಾರೆ?

ಅಯಾನಿಕ

ಲೇಸರ್ ಕಿರಣವನ್ನು ತೆಳು ಹಾಳೆಯಾಗಿ ಹರಡುತ್ತಾರೆ. ಆ ಹಾಳೆಯಲ್ಲಿರುವ ಗೋಲಿಗಳು ಮಾತ್ರ ಹೊಳೆಯುತ್ತವೆ. ಹಾಳೆಯನ್ನೂ ಕ್ಯಾಮೆರಾವನ್ನೂ ಒಟ್ಟಿಗೆ ಮೋಡದ ಆಳಕ್ಕೆ ನಿಧಾನವಾಗಿ ಸರಿಸುತ್ತ ಚಿತ್ರ ತೆಗೆಯುತ್ತಾರೆ. ಆ ಚಿತ್ರಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಪ್ರತಿ ಗೋಲಿಯ ಮೂರೂ ನಿರ್ದೇಶಾಂಕ ಸಿಗುತ್ತದೆ. ಆಮೇಲೆ ಪ್ರತಿ ಗೋಲಿಯ ಹತ್ತಿರದ ನೆರೆಯವು ಯಾವ ಕೋನಗಳಲ್ಲಿ ಕೂತಿವೆ ಅಂತ ಲೆಕ್ಕ ಹಾಕಿ, ಆದರ್ಶ ಜಾಲಕಗಳ ಕೋನಗಳಿಗೆ ಹೋಲಿಸುತ್ತಾರೆ. ಸ್ಫಟಿಕ ತಣ್ಣಗೆ ನಿಂತಿದ್ದರೆ ಈ ವಿಧಾನ ಚೆನ್ನಾಗಿ ನಡೆಯುತ್ತದೆ. ಕರಗುತ್ತಿರುವಾಗ ಹಾಳೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಗೋಲಿಗಳೇ ಜಾಗ ಬದಲಿಸಿರುತ್ತವೆ. ಅದಕ್ಕೆ ಎರಡು ಮೂರು ಕೋನಗಳಿಂದ ಏಕಕಾಲಕ್ಕೆ ನೋಡುವ ಕ್ಯಾಮೆರಾಗಳು ಬೇಕು.

ಕುತೂಹಲಿ

ಸಿಕ್ಕಿತು. ವಿಡಿಯೊದಲ್ಲಿ ನಡುನಡುವೆ ಚುಕ್ಕಿಗಳು ಮಿಂಚಿ ಮರೆಯಾಗುತ್ತಿದ್ದವು, ಹಾಳೆ ಸರಿಯುತ್ತಿತ್ತೇನೋ.

ಲೆಕ್ಕದಮೇಷ್ಟ್ರು

ಎಲ್ಲವೂ ಒಟ್ಟಿಗೆ ಬದಲಾದರೆ ಹಾಳೆ ಸರಿದಿದೆ. ಒಂದೆರಡು ಮಾತ್ರ ಮರೆಯಾದರೆ ಗೋಲಿಯೇ ಹಾಳೆಯಿಂದ ಹೊರಗೆ ಜಾರಿದೆ. ಇನ್ನೊಮ್ಮೆ ಹಾಕಿ ನೋಡಿ.